ರೆಕ್ಕೆ ಬಡಿಯದೆ ಹಾರುವ ವಿದ್ಯೆ

ಹಾಲ್ಕುರಿಕೆಯ ಸುತ್ತಮುತ್ತ ಒಂದು ಕಡೆ ತೆಂಗಿನ ತೋಟಗಳು, ಇನ್ನೊಂದು ಕಡೆ ಮಳೆಯನ್ನು ಕಾಯುವ ಬರಿಯ ಹೊಲಗಳು. ಬೇಸಗೆಯ ಮಧ್ಯಾಹ್ನ ಅಲ್ಲಿ ತಲೆಯೆತ್ತಿ ನೋಡಿದರೆ, ಹದ್ದೊಂದು ರೆಕ್ಕೆಯನ್ನು ಬಡಿಯದೆಯೇ ಸುತ್ತುಸುತ್ತಾಗಿ ಮೇಲೇರುವುದನ್ನು ಕಾಣಬಹುದು. ಇದರಲ್ಲಿ ಮಾಯೆಯೇನೂ ಇಲ್ಲ. ತೋಟಕ್ಕಿಂತ ಬರಿಯ ನೆಲ ಬೇಗ ಕಾಯುತ್ತದೆ. ಅದರ ಮೇಲಣ ಗಾಳಿ ಬಿಸಿಯಾಗಿ, ಹಗುರಾಗಿ, ಕಂಬದಂತೆ ಮೇಲಕ್ಕೇಳುತ್ತದೆ. ಆ ಕಂಬವನ್ನು ಬಿಡದೆ ಸುತ್ತುವುದೇ ಹದ್ದಿನ ಜಾಣ್ಮೆ.

ಮನುಷ್ಯನು ಈ ಜಾಣ್ಮೆಯನ್ನು ಕಲಿಯುವ ಸಾಧನವೇ ಗ್ಲೈಡರ್, ಎಂದರೆ ಎಂಜಿನ್ ಇಲ್ಲದ ವಿಮಾನ. ನೆಲದ ಮೇಲಿನ ಯಂತ್ರವೊಂದು ಉದ್ದನೆಯ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತ ಅದನ್ನು ಮೇಲಕ್ಕೆಳೆಯುತ್ತದೆ. ಹಗ್ಗ ಕಳಚಿದ ಬಳಿಕ ಗ್ಲೈಡರು ಮೆಲ್ಲಮೆಲ್ಲನೆ ಇಳಿಯತೊಡಗುತ್ತದೆ. ಮೇಲೇಳುವ ಗಾಳಿಯನ್ನು ಹುಡುಕಿ ಹಿಡಿದ ಚಾಲಕನು ಮಾತ್ರ ಮತ್ತೆ ಏರಬಲ್ಲನು.

ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. 1941ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರು ಹತ್ತು ಜನ ಕೂಡಬಹುದಾದ ಗ್ಲೈಡರೊಂದನ್ನು ರೂಪಿಸಿದರು. ಮುಂದೆ ನಮ್ಮ ನಾಗರಿಕ ವಿಮಾನಯಾನ ಇಲಾಖೆಯವರು ತಾವು ರಚಿಸಿದ ಗ್ಲೈಡರುಗಳಿಗೆ ಅಶ್ವಿನಿ, ಭರಣಿ, ರೋಹಿಣಿ ಎಂದು ನಕ್ಷತ್ರಗಳ ಹೆಸರನ್ನೇ ಇಟ್ಟರು. 1961ರಲ್ಲಿ ಮೊದಲು ಹಾರಿದ ರೋಹಿಣಿಯಲ್ಲಿ ಗುರುಶಿಷ್ಯರು ಪಕ್ಕಪಕ್ಕದಲ್ಲಿಯೇ ಕೂಡುತ್ತಿದ್ದರು.

‘ಇಂಥ ಅಪಾಯದ ಆಟ ನಮ್ಮ ಮಕ್ಕಳಿಗೇಕೆ?’ ಎಂದು ತಾಯಿತಂದೆಗಳು ಕೇಳುವುದು ಸಹಜ. ಅಪಾಯವಿಲ್ಲವೆಂದು ಹೇಳಲಾಗದು. ಗ್ಲೈಡರ್ ಹಾರಾಟಕ್ಕೆ ದಾರಿ ತೋರಿದ ಜರ್ಮನಿಯ ಲಿಲಿಯೆಂತಾಲ್ 1896ರಲ್ಲಿ ಹಾರುವಾಗ ಬಿದ್ದು ಪ್ರಾಣ ಕಳೆದುಕೊಂಡನು. ಆದರೆ ಅವನಿಗೆ ಕಲಿಸುವ ಗುರುವಿರಲಿಲ್ಲ. ಇಂದಿನ ಶಿಷ್ಯನು ಗುರುವಿನ ಜೊತೆಯಲ್ಲಿ ಹಲವು ಬಾರಿ ಹಾರಿ ಪಳಗಿದ ಮೇಲೆಯೇ ಒಬ್ಬನಾಗಿ ಏರುತ್ತಾನೆ.

ಈ ಶಿಕ್ಷಣದ ಬೆಲೆಯೇನೆಂಬುದನ್ನು 1983ರ ಜುಲೈ 23ರ ಘಟನೆಯೊಂದು ತೋರಿಸಿತು. ಅಂದು ಕೆನಡಾದ ಬೋಯಿಂಗ್ 767 ವಿಮಾನವೊಂದಕ್ಕೆ ಇಂಧನ ತುಂಬುವಾಗ ಕಿಲೋಗ್ರಾಂ ಮತ್ತು ಪೌಂಡುಗಳ ಲೆಕ್ಕ ತಪ್ಪಿತ್ತು. ನಡು ಆಕಾಶದಲ್ಲಿ ಎರಡು ಎಂಜಿನ್ನುಗಳೂ ನಿಂತುಹೋದುವು. ಕಪ್ತಾನ ಪಿಯರ್ಸನ್ ಗ್ಲೈಡರ್ ಹಾರಾಟದಲ್ಲಿ ನುರಿತವನು. ಆ ಭಾರಿ ವಿಮಾನವನ್ನು ಗ್ಲೈಡರಿನಂತೆಯೇ ಓರೆಯಾಗಿ ಜಾರಿಸಿ, ಗಿಮ್ಲಿ ಎಂಬಲ್ಲಿನ ಹಳೆಯ ವಿಮಾನ ನೆಲೆಯಲ್ಲಿ ಇಳಿಸಿದನು. ಅದರಲ್ಲಿದ್ದ 69 ಮಂದಿಯೂ ಬದುಕಿಕೊಂಡರು!

ಎಂಜಿನ್ನನ್ನು ನೆಚ್ಚಿದವನು ತಪ್ಪಿದರೆ ಮತ್ತೊಮ್ಮೆ ಪ್ರಯತ್ನಿಸಬಹುದು. ಗ್ಲೈಡರಿನವನಿಗೆ ಇಳಿಯಲು ಇರುವುದು ಒಂದೇ ಅವಕಾಶ. ಆದ್ದರಿಂದಲೇ ಅವನು ಮುಂದಾಲೋಚನೆಯನ್ನೂ, ಕೈಮೀರುವ ಮೊದಲೇ ಮರಳುವ ವಿವೇಕವನ್ನೂ ಕಲಿಯುತ್ತಾನೆ. ಯಾವ ಉದ್ಯೋಗಕ್ಕೆ ಹೋಗುವ ತರುಣನಿಗೆ ಇವು ಬೇಡ?

ಗ್ಲೈಡರ್ ಚಾಲಕನ ಪರವಾನಗಿಗೆ ಅಂತರರಾಷ್ಟ್ರೀಯ ನಿಯಮವು ಕೇಳುವ ಕನಿಷ್ಠ ವಯಸ್ಸು 16 ಮಾತ್ರ. ಹುಡುಗಿಯರಿಗೂ ಇದರಲ್ಲಿ ಸಮಾನ ಅವಕಾಶವುಂಟು. ತೋಳ್ಬಲಕ್ಕಿಂತ ಕಣ್ಣಿನ ಚುರುಕು, ಮನಸ್ಸಿನ ಸ್ಥಿಮಿತ ಇಲ್ಲಿ ಮುಖ್ಯ. ನಮ್ಮ ಕಾಲೇಜುಗಳು ಆಟದ ಬಯಲಿಗೆ ತೋರುವ ಆಸ್ಥೆಯಲ್ಲಿ ಒಂದು ಪಾಲನ್ನು ಆಕಾಶಕ್ಕೂ ತೋರಲಿ. ಮಕ್ಕಳು ಹಾರಲು ಬಯಸಿದಾಗ ಹಿರಿಯರು ಬೇಡವೆನ್ನುವ ಮೊದಲು ಒಂದು ಸಲ ವಿಚಾರಿಸಿ ನೋಡಲಿ. ಬಿಸಿಲು, ಗಾಳಿಗಳಿಗೆ ನಮ್ಮಲ್ಲಿ ಬಡತನವಿಲ್ಲ, ಬೇಕಾದುದು ಉತ್ಸಾಹ.