ಸೊಸೈಟಿ ಕುಸಿದಾಗ ಎದ್ದ ಸಂಘ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಿರಲಿ, ಹರಿಹರದ ಹಳೇ ಓಣಿಯಿರಲಿ, ‘ಇವತ್ತು ಸಂಘ ಐತಿ’ ಎಂದರೆ ಸಾಕು, ಬಿಡಿಸಿ ಹೇಳಬೇಕಿಲ್ಲ. ಈ ಮಹಿಳಾ ಸ್ವಸಹಾಯ ಸಂಘಗಳ ಕಥೆಯಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಗೆ ದೊಡ್ಡ ಪಾಲಿದೆ.

1968ರಲ್ಲಿ ಮೈರಾಡ ಹುಟ್ಟಿದ್ದು ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. 1980ರ ದಶಕದ ನಡುವೆ, ಅದು ನೆರವಾಗುತ್ತಿದ್ದ ಸಹಕಾರ ಸಂಘಗಳು ಕುಸಿದವು. ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಸೊಸೈಟಿಗೆ ಕಟ್ಟುವುದಿಲ್ಲ ಎಂದರು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿ ಎಂದಿತು ಸಂಸ್ಥೆ.

ಹೀಗೆ ಹುಟ್ಟಿದ ಸಂಘದ ಲೆಕ್ಕ ಸರಳ. 10ರಿಂದ 20 ಮಂದಿ, ವಾರಕ್ಕೊಂದು ಸಭೆ, ಕೈಲಾದಷ್ಟು ಉಳಿತಾಯ. ಸಾಲ ಯಾರಿಗೆ, ಬಡ್ಡಿ ಎಷ್ಟು ಎಂಬ ತೀರ್ಮಾನ ಸದಸ್ಯೆಯರದೇ. ಮಗುವಿಗೆ ಜ್ವರ ಏರಿದರೆ ಆಸ್ಪತ್ರೆ ಖರ್ಚು ಅಲ್ಲೇ ಸಿಗುತ್ತದೆ, ಬೆಂಡೋಲೆ ಅಡವಿಡುವುದು ತಪ್ಪುತ್ತದೆ. ಮುಂದಿನ ಸಾಲ ಎಮ್ಮೆಗೋ ಹೊಲಿಗೆ ಮಷಿನ್‌ಗೋ.

1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್, ಮೈರಾಡದ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಿತು.

2000-01ರಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಗುಂಪು ಕಟ್ಟಲು ಮುಂದಾದವರು ಅಂಗನವಾಡಿ ಕಾರ್ಯಕರ್ತೆಯರು. ಹಾಗಾಗಿ ಉಳಿತಾಯದ ಪಾಸ್‌ಬುಕ್ ಜೊತೆಗೆ ಮಗುವಿನ ತೂಕ, ಲಸಿಕೆ, ಬಾಣಂತಿಯ ಊಟದ ಮಾತೂ ಸಂಘದ ಚಾಪೆಗೆ ಬಂತು.