ಹೊಳೆಯ ದಂಡೆಯಲ್ಲಿ ಬರ: ಗೋದಾವರಿ ಜಿಲ್ಲೆ ಕಲಿಸುವ ಪಾಠ

ತುಂಬಿ ಹರಿಯುವ ಹೊಳೆಯ ದಂಡೆಯ ಜನ ಹಸಿವಿನಿಂದ ಸಾಯುವುದುಂಟೇ? ಉಂಟು. 1832-33ರ ಕ್ಷಾಮದಲ್ಲಿ ಗೋದಾವರಿಯ ಮುಖದಲ್ಲಿದ್ದ ಅಂದಿನ ರಾಜಮಹೇಂದ್ರಿ ಜಿಲ್ಲೆಯಲ್ಲಿ ಆದದ್ದು ಅದೇ. 1821ರಲ್ಲಿ ಏಳು ಲಕ್ಷ ದಾಟಿದ್ದ ಅಲ್ಲಿನ ಜನಸಂಖ್ಯೆ 1841ರ ಹೊತ್ತಿಗೆ ಆರು ಲಕ್ಷಕ್ಕೂ ಕೆಳಗಿಳಿದಿತ್ತು. ಈ ನಡುವೆ, 1839ರಲ್ಲಿ, ಕೋರಂಗಿ ರೇವಿನ ಮೇಲೆ ಚಂಡಮಾರುತವೂ ಎರಗಿತ್ತು.

ಇದಕ್ಕೆ ಕಾರಣ ತಿಳಿಯಬೇಕಾದರೆ ಆ ನೆಲದ ಇಳಿಜಾರನ್ನು ನೋಡಬೇಕು. ಗೋದಾವರಿ ಧವಳೇಶ್ವರದ ಬಳಿ ಗೌತಮಿ, ವಸಿಷ್ಠ ಎಂಬ ಕವಲುಗಳಾಗಿ ಒಡೆಯುತ್ತದೆ. ಕವಲುಗಳ ನಡುವಿನ ನೆಲವೇ ಕೋನಸೀಮೆ. ಮಹಾಪೂರ ಬಂದಾಗ ನದಿ ತನ್ನ ದಡದ ಮೇಲೆ ಹೆಚ್ಚು ಮೆಕ್ಕಲನ್ನೂ ದೂರದಲ್ಲಿ ಕಡಿಮೆ ಮೆಕ್ಕಲನ್ನೂ ಬಿಡುತ್ತದೆ. ಹೀಗೆ ಕಾಲಕ್ರಮದಲ್ಲಿ ದಡ ಎತ್ತರವಾಗಿ, ಹೊಲಗಳು ನದಿಯಿಂದ ಆಚೆಗೆ ಇಳಿಜಾರಾಗುತ್ತವೆ. ನಮ್ಮ ಕಡೆ ಹೊಲದ ನೀರು ಹಳ್ಳಕ್ಕೆ ಇಳಿಯುತ್ತದೆ, ಅಲ್ಲಿ ಹಾಗಲ್ಲ. ಪ್ರವಾಹ ದಡ ಮೀರಿದರೆ ಬೆಳೆ ಮುಳುಗುತ್ತಿತ್ತು. ಪ್ರವಾಹ ತಗ್ಗಿದರೆ ನೀರು ದಡದ ಕೆಳಗೇ ಹರಿದು ಸಮುದ್ರ ಸೇರುತ್ತಿತ್ತು.

ಇಂಥ ನೆಲಕ್ಕೆ ದೊಡ್ಡ ಜಲಾಶಯ ಬೇಕಿಲ್ಲ. ಕವಲೊಡೆಯುವ ಜಾಗದಲ್ಲಿ ನೀರನ್ನು ತುಸು ಎತ್ತಿದರೆ ಸಾಕು, ಅದು ತಾನಾಗಿ ಹೊಲಗಳಿಗೆ ಇಳಿಯುತ್ತದೆ. ಕಾವೇರಿಯ ಮರಳಿನ ಮೇಲೆ ಚೋಳರ ಕಾಲದ ಕಲ್ಲಣೆ ನಿಂತ ಬಗೆಯನ್ನು ಕಂಡು ಕಲಿತಿದ್ದ ಎಂಜಿನಿಯರ್ ಆರ್ಥರ್ ಕಾಟನ್, 1847ರಿಂದ 1852ರವರೆಗೆ ಧವಳೇಶ್ವರದಲ್ಲಿ ಅಣೆ ಕಟ್ಟಿಸಿದ. ಎತ್ತರ ಸುಮಾರು 12 ಅಡಿ. ಉದ್ದ, ನಾಲ್ಕು ತುಂಡುಗಳೂ ಸೇರಿ, ಎರಡು ಮೈಲಿಗೂ ಮೇಲು. ಕಾಲುವೆಗಳಲ್ಲಿ ನೀರಿನ ಜೊತೆಗೆ ಭತ್ತದ ದೋಣಿಗಳೂ ಸಾಗಿದವು. ಇಂದು ಹಳೆಯ ಅಣೆಯ ಬದಲು ಬ್ಯಾರೇಜು ನಿಂತಿದೆ. ಸುಮಾರು ಹತ್ತು ಲಕ್ಷ ಎಕರೆಗೆ ನೀರುಣಿಸುತ್ತಿದೆ.

ಆದರೆ ನೀರು ಎಲ್ಲರಿಗೂ ಸಮನಾಗಿ ಒದಗಲಿಲ್ಲ. ಜಮೀನುಳ್ಳ ರೈತ ಮೇಲೆ ಬಂದ. ಕೂಲಿಯವನು ಕೂಲಿಯವನಾಗಿಯೇ ಉಳಿದ, ಹಲವರು ಬರ್ಮಾಕ್ಕೆ ಹಡಗು ಹತ್ತಿದರು. 1859ರಲ್ಲಿ ಗೋದಾವರಿ ಜಿಲ್ಲೆಯೆಂದು ಹೆಸರಾದ ಅದೇ ಜಿಲ್ಲೆಯ ರಂಪ ಗುಡ್ಡಗಾಡಿನಲ್ಲಿ, ಶೇಂದಿ ತೆರಿಗೆ ಮತ್ತು ಮೇಲಿನವರ ಸುಲಿಗೆ ತಾಳಲಾರದೆ 1879ರಲ್ಲಿ ಜನ ದಂಗೆ ಎದ್ದರು.

ಅಲ್ಲಿ ನಡೆದ ಉಪಾಯ ಎಲ್ಲೆಡೆಯೂ ನಡೆಯುವುದಿಲ್ಲ. ನಮ್ಮ ತುಂಗಭದ್ರೆಯಿಂದಲೇ ತೆಗೆದ ಕರ್ನೂಲು-ಕಡಪ ಕಾಲುವೆಯನ್ನು ಖಾಸಗಿ ಕಂಪನಿ ಕಟ್ಟಿಸಿ ನಷ್ಟಕ್ಕೆ ಬಿತ್ತು. 1882ರಲ್ಲಿ ಸರ್ಕಾರ ಅದನ್ನು ಕೊಂಡಿತು. ಜೋಳ, ಹತ್ತಿ ಬೆಳೆಯುವ ಎರೆನೆಲದ ರೈತರು ಹಣ ತೆತ್ತು ನೀರು ಹಾಯಿಸಿಕೊಳ್ಳಲು ಮುಂದಾಗಿರಲಿಲ್ಲ.

ಎರೆನೆಲ ನೀರನ್ನು ಹಿಡಿದಿಡುತ್ತದೆ, ಬೇಗ ಬಿಡುವುದಿಲ್ಲ. ಆದೋನಿ ಸೀಮೆಗೆ ತುಂಗಭದ್ರೆಯ ಕೆಳಮಟ್ಟದ ಕಾಲುವೆ ಬಂದದ್ದು ನಮ್ಮ ಭಾಗ್ಯವೇ ಸರಿ. ಆದರೂ ನನ್ನ ಹೊಲದ ತಗ್ಗಿನ ಮೂಲೆಯಲ್ಲಿ ಭತ್ತಕ್ಕೆ ಬಿಟ್ಟ ನೀರು ನಿಂತು ನಿಂತು ಬಿಳಿಯ ಸವಳು ಎದ್ದಿದೆ. ಮೂರು ವರ್ಷದಿಂದ ಅಲ್ಲಿ ಒಂದು ತೆನೆಯೂ ತುಂಬಿಲ್ಲ. ತಪ್ಪು ನನ್ನದೇ, ಹಾಯಿಸುವ ಕಾಲುವೆ ತೋಡಿದೆ, ಬಸಿಗಾಲುವೆ ತೋಡಲಿಲ್ಲ. ಕೋನಸೀಮೆಯಲ್ಲೂ 2011ರಲ್ಲಿ ಎಷ್ಟೋ ರೈತರು ಮುಂಗಾರು ಭತ್ತವನ್ನೇ ನಾಟದೆ ಹೊಲ ಬಿಟ್ಟರು; ಬೆಲೆ, ಕೂಲಿಯ ದೂರಿನ ಜೊತೆಗೆ ನೀರು ಬಸಿಯದ ದೂರೂ ಇತ್ತು.

ಆದ್ದರಿಂದ ರೈತ ಬಂಧುಗಳು ನೀರು ಬರುವ ದಾರಿಯನ್ನು ಕೇಳುವಾಗಲೇ ಅದು ಹೋಗುವ ದಾರಿಯನ್ನೂ ನೋಡಿಕೊಳ್ಳಬೇಕು. ಈ ಬೇಸಗೆಯಲ್ಲಿ, ಕಾಲುವೆಗೆ ನೀರು ಬಿಡುವ ಮೊದಲೇ, ಅಕ್ಕಪಕ್ಕದ ಹೊಲದವರು ಕೂಡಿ ತಗ್ಗಿನ ಕಡೆಗೆ ಬಸಿಗಾಲುವೆ ತೋಡಿರಿ. ಒಬ್ಬನ ಹೊಲದಲ್ಲಿ ತೋಡಿದರೆ ಸಾಲದು. ಅದು ಹಳ್ಳ ಮುಟ್ಟಬೇಕು.