ಒಬ್ಬ ಕಲೆಕ್ಟರ್, 45,674 ಚದರ ಕಿಲೋಮೀಟರ್

ಗುಜರಾತಿನ ಕಛ್ ಜಿಲ್ಲೆಯ ವಿಸ್ತೀರ್ಣ 45,674 ಚದರ ಕಿಲೋಮೀಟರ್. ಜಿಲ್ಲೆ ಎಂದೆ, ರಾಜ್ಯ ಎನ್ನಲಿಲ್ಲ. ಒಂದು ಕಲೆಕ್ಟರ್ ಕಚೇರಿಯ ಲೆಕ್ಕಕ್ಕೆ ಬರುವ ನೆಲ ಇಷ್ಟು. ದೇಶದಲ್ಲಿ ಇದಕ್ಕಿಂತ ದೊಡ್ಡ ಜಿಲ್ಲೆ ಇಲ್ಲ.

ಸಂಖ್ಯೆ ಬರಿದೇ ಓದಿದರೆ ಏನೂ ಅನ್ನಿಸುವುದಿಲ್ಲ. ಒಂದು ಆಟ ಆಡೋಣ. ಕಛ್ ಅನ್ನು ಖಾಲಿ ಟ್ರಂಕು ಅಂದುಕೊಳ್ಳಿ. ಮೊದಲು 14 ಜಿಲ್ಲೆಗಳ ಸಮೇತ ಇಡೀ ಕೇರಳವನ್ನು ಅದರೊಳಗೆ ಇಡಿ. ಹಿಡಿಸಿತೇ? ಹಿಡಿಸಿತು, ಇನ್ನೂ ಜಾಗ ಇದೆ. ಗೋವಾ ಹಾಕಿ. ಅದೂ ಹಿಡಿಸಿತು. ಬೆಂಗಳೂರು ನಗರ ಜಿಲ್ಲೆಯನ್ನು ಆನೇಕಲ್‌ನಿಂದ ಯಲಹಂಕದವರೆಗೆ ಎತ್ತಿ ಒಳಗಿಡಿ. ಇಷ್ಟಾದ ಮೇಲೂ 900 ಚದರ ಕಿಲೋಮೀಟರ್ ಉಳಿಯುತ್ತದೆ. ಅದರಲ್ಲಿ ದೇಶದ ಅತಿ ಚಿಕ್ಕ ಜಿಲ್ಲೆ ಮಾಹೆಯನ್ನು ತುಂಬಿಸಬಹುದು. ಒಂದಲ್ಲ, ನೂರು ಮಾಹೆ!

ನಮ್ಮ ರಾಜ್ಯದ ಅತಿ ದೊಡ್ಡ ಜಿಲ್ಲೆ ಬೆಳಗಾವಿ. ಅದು ಆಡಳಿತಕ್ಕೆ ತೀರಾ ದೊಡ್ಡದಾಯಿತು, ಒಡೆಯಿರಿ ಎಂಬ ಕೂಗು ದಶಕಗಳಿಂದ ಇದೆ. ಕಛ್‌ನಲ್ಲಿ ಅಂಥ ಬೆಳಗಾವಿಗಳು ಮೂರು ಸಲೀಸಾಗಿ ಕೂರುತ್ತವೆ, ನಾಲ್ಕನೆಯದು ಅರ್ಧದ ಹತ್ತಿರ ತೂರಿಕೊಳ್ಳುತ್ತದೆ. ಕೊಡಗಾದರೆ ಹನ್ನೊಂದು. ಯುರೋಪಿನ ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ಎಸ್ಟೋನಿಯಾ ಮೂರೂ ಇದಕ್ಕಿಂತ ಸಣ್ಣವು. ಆ ದೇಶಗಳಿಗೆ ಸಂಸತ್ತು, ರಾಯಭಾರಿಗಳು, ವಿಶ್ವಸಂಸ್ಥೆಯಲ್ಲಿ ಕುರ್ಚಿ ಎಲ್ಲ ಇವೆ. ಕಛ್‌ಗೆ ಇರುವುದು ಭುಜ್ ಪಟ್ಟಣದಲ್ಲಿ ಒಂದು ಜಿಲ್ಲಾ ಕಚೇರಿ.

ಈ ಜಿಲ್ಲೆಗೆ ತಾಲ್ಲೂಕುಗಳು ಎಷ್ಟಿರಬಹುದು? ನಲವತ್ತು? ಐವತ್ತು? ಬರೀ ಹತ್ತು. ಅಬಡಾಸಾ, ಅಂಜಾರ್, ಭಚಾವು, ಭುಜ್, ಗಾಂಧಿಧಾಮ, ಲಖಪತ್, ಮಾಂಡವಿ, ಮುಂದ್ರಾ, ನಖತ್ರಾಣಾ, ರಾಪರ್. ಹಂಚಿದರೆ ಸರಾಸರಿ ಒಂದು ತಾಲ್ಲೂಕಿಗೆ 4,567 ಚದರ ಕಿಲೋಮೀಟರ್. ಅಂದರೆ ಅಲ್ಲಿನ ಒಂದು ಸರಾಸರಿ ತಾಲ್ಲೂಕು ನಮ್ಮ ಇಡೀ ಉಡುಪಿ ಜಿಲ್ಲೆಗಿಂತ ದೊಡ್ಡದು, ಇಡೀ ಕೊಡಗಿಗಿಂತಲೂ ದೊಡ್ಡದು. ನಮ್ಮಲ್ಲಿ ಡಿ.ಸಿ. ನೋಡಿಕೊಳ್ಳುವಷ್ಟು ನೆಲ ಅಲ್ಲಿ ತಹಶೀಲ್ದಾರರ ಪಾಲು. ಅವರನ್ನು ಮಾಮಲತದಾರ್ ಎನ್ನುತ್ತಾರೆ. ಮುಂಬಯಿ ಪ್ರಾಂತದ ಕಾಲ ಕಂಡ ಧಾರವಾಡ, ಬೆಳಗಾವಿಯ ಹಿರಿಯರಿಗೆ ಮಾಮಲೇದಾರ ಎಂಬ ಹೆಸರು ಹೊಸದೇನಲ್ಲ. ಶಾಸಕರು ಆರು ಮಂದಿ. ಒಬ್ಬೊಬ್ಬರಿಗೆ 7,600 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆಯಲ್ಲಿ 28 ಶಾಸಕರಿದ್ದಾರೆ, ಒಬ್ಬೊಬ್ಬರಿಗೆ ಬರುವುದು 78. ಚುನಾವಣೆಯಲ್ಲಿ ಮನೆ ಮನೆಗೆ ಹೋಗಿ ಕೈಮುಗಿಯಬೇಕಾದವರ ಕಾಲುಗಳನ್ನು ನೆನೆದರೆ ಅಯ್ಯೋ ಎನಿಸುತ್ತದೆ. ಪೊಲೀಸ್ ಇಲಾಖೆಯಂತೂ ಒಬ್ಬ ಎಸ್.ಪಿ.ಯಿಂದ ಆಗುವ ಮಾತಲ್ಲವೆಂದು ಜಿಲ್ಲೆಯನ್ನು ಪೂರ್ವ, ಪಶ್ಚಿಮ ಎಂದು ಎರಡು ಮಾಡಿಕೊಂಡಿದೆ. ಪಶ್ಚಿಮದ ಲಖಪತ್‌ನಿಂದ ಪೂರ್ವದ ರಾಪರ್‌ಗೆ ರಸ್ತೆಯಲ್ಲಿ 250 ಕಿಲೋಮೀಟರ್ ಮೀರುತ್ತದೆ. ಬೆಂಗಳೂರಿನಿಂದ ದಾವಣಗೆರೆಯವರೆಗೆ ಹೋದರೂ ಇನ್ನೂ ಅದೇ ಜಿಲ್ಲೆ, ಅದೇ ಕಲೆಕ್ಟರ್!

ಅಂದಹಾಗೆ ಇದು ಒಂದು ಕಾಲಕ್ಕೆ ಜಿಲ್ಲೆಯೇ ಆಗಿರಲಿಲ್ಲ. ಮಹಾರಾವ್ ಆಳುತ್ತಿದ್ದ, ಕೋರಿ ಎಂಬ ಸ್ವಂತ ನಾಣ್ಯವಿದ್ದ ಸಂಸ್ಥಾನ. 1948ರಲ್ಲಿ ಆಡಳಿತ ಭಾರತ ಸರ್ಕಾರದ ಕೈಸೇರಿದ ಮೇಲೂ ಎಂಟು ವರ್ಷ ಬೇರೆಯಾಗಿಯೇ ಇತ್ತು. ಮುಂಬಯಿ ರಾಜ್ಯದೊಳಗೆ ಕರಗಿದ್ದು 1956ರ ನವೆಂಬರ್ 1ರಂದು. ಹೌದು, ನಮ್ಮ ರಾಜ್ಯೋತ್ಸವದ ದಿನವೇ. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದು ರಾಜ್ಯವಾದ ದಿನ ಕಛ್ ರಾಜ್ಯವಾಗಿರುವುದನ್ನು ಬಿಟ್ಟು ಜಿಲ್ಲೆಯಾಯಿತು.

ಇಷ್ಟು ದೊಡ್ಡ ಮನೆಯಲ್ಲಿ ಇರುವವರು ಎಷ್ಟು ಜನ? 2011ರ ಜನಗಣತಿಯ ಪ್ರಕಾರ 20,92,371. ಚದರ ಕಿಲೋಮೀಟರಿಗೆ 46 ಮಂದಿ. ಬೆಂಗಳೂರು ನಗರ ಜಿಲ್ಲೆಯಲ್ಲಿ 4,381. ಬೆಂಗಳೂರಿನಲ್ಲಿ ಕಛ್‌ನಷ್ಟೇ ವಿರಳವಾಗಿ ಜನರಿದ್ದರೆ ಇಡೀ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷ, ಚಿಕ್ಕಮಗಳೂರು ಪಟ್ಟಣಕ್ಕಿಂತಲೂ ಕಡಿಮೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದನ ಮಲಗಿರುತ್ತಿತ್ತು. ಈಗ ತಿರುಗಿಸಿ ನೋಡಿ. ಕಛ್‌ನಲ್ಲಿ ಬೆಂಗಳೂರಿನಷ್ಟೇ ಒತ್ತಾಗಿ ಜನ ತುಂಬಿದರೆ 20 ಕೋಟಿ. ಅದೇ ಜನಗಣತಿಯಲ್ಲಿ ಉತ್ತರ ಪ್ರದೇಶದ ಜನಸಂಖ್ಯೆ ಎಷ್ಟು ಗೊತ್ತೇ? 19 ಕೋಟಿ 98 ಲಕ್ಷ. ಇಡೀ ಉತ್ತರ ಪ್ರದೇಶ ಒಂದು ಜಿಲ್ಲೆಯಲ್ಲಿ!

ಸೈಟಿನ ಭಾಷೆಯಲ್ಲಿ ಹೇಳುತ್ತೇನೆ, ಬೆಂಗಳೂರಿನವರಿಗೆ ಬೇಗ ತಟ್ಟುತ್ತದೆ. ಬೆಂಗಳೂರು ನಗರ ಜಿಲ್ಲೆಯ ಕೆರೆ, ರಸ್ತೆ, ವಿಧಾನಸೌಧ ಒಂದೂ ಬಿಡದೆ ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ ಒಂದು 40x60 ಸೈಟು, ಮೇಲೆ ಸ್ವಲ್ಪ. ಕಛ್ ಅನ್ನು ಹಂಚಿದರೆ ತಲೆಗೆ 5 ಎಕರೆ 15 ಗುಂಟೆ. ಹತ್ತಿರ ಹತ್ತಿರ ನೂರು ಸೈಟು! ಈಗಲೇ ಬುಕ್ ಮಾಡಲು ಓಡಬೇಡಿ. ಜಿಲ್ಲೆಯ ಅರ್ಧದಷ್ಟು ನೆಲ ರಣ. ನಮ್ಮ ಯುದ್ಧದ ರಣವಲ್ಲ ಇದು, ಉಪ್ಪಿನ ಬಯಲು. ಮಳೆಗಾಲದಲ್ಲಿ ಮೊಣಕಾಲುದ್ದದ ಸಮುದ್ರ, ಚಳಿಗಾಲದಲ್ಲಿ ಕಣ್ಣು ಕುಕ್ಕುವ ಬಿಳಿ ನೆಲ. ನಿಮ್ಮ ಪಾಲಿಗೆ ಬಂದ ಸೈಟುಗಳಲ್ಲಿ ಐವತ್ತು ಉಪ್ಪಿನವು.

ಮನುಷ್ಯರಿಗೆ ಬೇಡವಾದ ಜಾಗ ಬೇರೆಯವರಿಗೆ ಬೇಕಾಗಿದೆ. 1945ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ರಣದ ನಡುವೆ ಗೂಡು ಕಟ್ಟಿದ್ದ ರಾಜಹಂಸಗಳನ್ನು ಅಂದಾಜು ಮಾಡಿ ಸುಮಾರು ಐದು ಲಕ್ಷ ಎಂದರು. ಆಗ ಕಛ್ ಸಂಸ್ಥಾನದ ಜನಸಂಖ್ಯೆಯೂ ಹೆಚ್ಚುಕಡಿಮೆ ಐದು ಲಕ್ಷವೇ. ಪ್ರಜೆಗೊಂದು ರಾಜಹಂಸ! ಪಕ್ಕದ ಚಿಕ್ಕ ರಣದ ಕಾಡುಕತ್ತೆಗಳ ಕಥೆಯೂ ಕಡಿಮೆಯಲ್ಲ. 1967ರಲ್ಲಿ ಅವು ಉಳಿದಿದ್ದು 362, ಒಂದು ಹಳ್ಳಿ ಶಾಲೆಯ ಮಕ್ಕಳಷ್ಟು. 2024ರ ಗಣತಿಯಲ್ಲಿ 7,672. ಅವುಗಳಿಗೆಂದು ಮೀಸಲಿಟ್ಟ ಅಭಯಾರಣ್ಯ ಅಕ್ಕಪಕ್ಕದ ಜಿಲ್ಲೆಗಳಿಗೂ ಚಾಚಿಕೊಂಡಿದ್ದು, 4,954 ಚದರ ಕಿಲೋಮೀಟರ್ ಇದೆ. ಕತ್ತೆಗೂ ಕೊಡಗಿಗಿಂತ ದೊಡ್ಡ ಜಿಲ್ಲೆ!

ಉತ್ತರಕ್ಕೆ ರಣವಾದರೆ ದಕ್ಷಿಣಕ್ಕೆ, ಪಶ್ಚಿಮಕ್ಕೆ ಕಡಲು. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಇಡೀ ಕರಾವಳಿಗಿಂತ ಈ ಒಂದು ಜಿಲ್ಲೆಯ ಕರಾವಳಿ ಉದ್ದ, ಸುಮಾರು 400 ಕಿಲೋಮೀಟರ್. ಅದರ ಮೇಲೆ ಮುಂದ್ರಾ ಬಂದರು. 2024-25ರಲ್ಲಿ ಅಲ್ಲಿ ಹತ್ತಿ ಇಳಿದ ಸರಕು 20 ಕೋಟಿ ಟನ್. ದಸರೆಯ ಆನೆಯೊಂದರ ತೂಕ ಐದು ಟನ್ ಎಂದು ಹಿಡಿದರೆ ವರ್ಷಕ್ಕೆ ನಾಲ್ಕು ಕೋಟಿ ಆನೆ. ದಿನಕ್ಕೆ ಒಂದು ಲಕ್ಷ ಮೀರಿ, ನಿಮಿಷಕ್ಕೆ 76 ಆನೆ. ಕರ್ನಾಟಕದ ಕಾಡುಗಳಲ್ಲಿ ಇರುವ ಆನೆಗಳು ಆರು ಸಾವಿರದ ಆಸುಪಾಸು. ಅಷ್ಟನ್ನೂ ಮುಂದ್ರಾದ ಕ್ರೇನುಗಳಿಗೆ ಒಪ್ಪಿಸಿ ನೀವು ಸಿನಿಮಾಕ್ಕೆ ಹೋದರೆ, ಇಂಟರ್‌ವಲ್ ಮುಗಿದು ಒಂದು ಹಾಡು ಬರುವಷ್ಟರಲ್ಲಿ ಕೆಲಸ ಆಗಿರುತ್ತದೆ. ಇನ್ನು ಅದೇ ಜಿಲ್ಲೆಯಲ್ಲಿ ಕಾಂಡ್ಲಾ ಬಂದರು ಬೇರೆ ಇದೆ, ಅದರದು 15 ಕೋಟಿ ಟನ್. ಎರಡೂ ಸೇರಿದರೆ ಏಳೂವರೆ ನವಮಂಗಳೂರು.

ಸರಕು ಸಾಕು, ಬಿಸಿಲಿಗೆ ಬರೋಣ. ರಣದ ಅಂಚಿನ ಖಾವಡಾದಲ್ಲಿ ಕಟ್ಟುತ್ತಿರುವ ಸೌರ ಮತ್ತು ಪವನ ವಿದ್ಯುತ್ ಪಾರ್ಕ್‌ಗೆ ಗುರುತಿಸಿದ ಜಾಗ 726 ಚದರ ಕಿಲೋಮೀಟರ್, ಗುರಿ 30,000 ಮೆಗಾವಾಟ್. ನಮ್ಮ ಪಾವಗಡದ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವಾಟ್. ತಿರುಮಣಿಯ ಗುಡ್ಡ ಹತ್ತಿ ಆ ನೀಲಿ ಸಮುದ್ರ ನೋಡಿ ಬೆರಗಾದವರಿದ್ದೀರಿ. ಅಂಥವು ಹದಿನಾಲ್ಕನ್ನು ಅಂಚಿಗೆ ಅಂಚು ಹಚ್ಚಿ ಹಾಸಿದರೆ ಖಾವಡಾ. ಇಷ್ಟಾಗಿಯೂ ಅದು ಕಛ್‌ನ ಅರವತ್ತರಲ್ಲಿ ಒಂದು ಪಾಲು, ಕಂಬಳಿಯ ಮೇಲಿನ ತೇಪೆ.

ಬಿಸಿಲು ಇಷ್ಟಾದರೆ ನೀರು? ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ. ಆಗುಂಬೆ ಒಂದು ವರ್ಷದಲ್ಲಿ ನೆನೆಯುವಷ್ಟು ನೆನೆಯಲು ಕಛ್‌ಗೆ ಹದಿನೇಳು ವರ್ಷ ಬೇಕು. ಇಂಥ ಜಿಲ್ಲೆಯಲ್ಲಿ, ಅದೂ ರಣದ ನಡುವಿನ ಖದೀರ್ ದಿಬ್ಬದ ಮೇಲೆ, ಹರಪ್ಪ ನಾಗರಿಕತೆಯ ಜನ ಧೋಲಾವೀರಾ ಎಂಬ ಪಟ್ಟಣ ಕಟ್ಟಿದರು. ಕಟ್ಟಿ ಸುಮಾರು 5,000 ವರ್ಷ. ಅಲ್ಲಿ ಅಗೆದು ತೆಗೆದ ಕೆರೆಗಳಲ್ಲಿ ದೊಡ್ಡದೊಂದು 73.4 ಮೀಟರ್ ಉದ್ದ, 29.3 ಮೀಟರ್ ಅಗಲ, 10 ಮೀಟರ್ ಆಳ. ಕಂಠದವರೆಗೆ ತುಂಬಿದರೆ ಎರಡು ಕೋಟಿ ಲೀಟರ್ ಮೇಲೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಗಲ್ಲಿಗಳಲ್ಲಿ ಹಾರನ್ ಹೊಡೆಯುತ್ತಾ ಬರುವ 6,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ 3,500 ಲೋಡು! ಇದು ಒಂದು ಕೆರೆಯ ಮಾತು. ಐದು ಸಾವಿರ ವರ್ಷದ ಹಿಂದಿನವರು ಮಳೆನೀರು ಕೊಯ್ಲಿಗೆ ಯಾವ ನೋಟಿಸಿಗೂ ಕಾಯಲಿಲ್ಲ.

ಭೂಮಿ ತಾನೇ ಕೆಲಸಕ್ಕೆ ಇಳಿದರೆ ಇನ್ನೂ ಬಿರುಸು. 1819ರ ಜೂನ್ 16ರ ಭೂಕಂಪದಲ್ಲಿ ರಣದ ಅಡ್ಡಕ್ಕೆ 80 ಕಿಲೋಮೀಟರ್ ಉದ್ದದ ಒಂದು ದಿಬ್ಬ ಎದ್ದು ನಿಂತಿತು, ಕೆಲವು ಕಡೆ ಎರಡಾಳೆತ್ತರ ಮೀರಿ. ಮನುಷ್ಯರು ಕಟ್ಟಿದ್ದಲ್ಲ ಎಂದು ಜನ ಅದನ್ನು ಅಲ್ಲಾ ಬಂದ್ ಎಂದರು, ದೇವರ ಒಡ್ಡು. ಕನ್ನಂಬಾಡಿ ಕಟ್ಟೆಯ ಉದ್ದ 2,620 ಮೀಟರ್, ಕಟ್ಟಲು ಹಿಡಿದದ್ದು ಇಪ್ಪತ್ತು ವರ್ಷ. ಮೂವತ್ತು ಕನ್ನಂಬಾಡಿಯಷ್ಟು ಉದ್ದದ ಒಡ್ಡನ್ನು ಭೂಮಿ ನಿಮಿಷಗಳಲ್ಲಿ ಎಬ್ಬಿಸಿತ್ತು.

2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಅದೇ ಭೂಮಿ ಮತ್ತೆ ನಡುಗಿತು. ಮಕ್ಕಳು ಬಾವುಟ ಹಿಡಿದು ಬೀದಿಯಲ್ಲಿದ್ದ ಹೊತ್ತು. ಭುಜ್‌ನ ಭುಜಿಯಾ ಗುಡ್ಡದ ಮೇಲೆ 470 ಎಕರೆಯಲ್ಲಿ, ಎರಡು ಲಾಲ್‌ಬಾಗ್‌ನಷ್ಟು ಜಾಗದಲ್ಲಿ, ಸ್ಮೃತಿವನ ಮಾಡಿದ್ದಾರೆ. ಅಲ್ಲಿನ ಗೋಡೆಗಳ ಮೇಲೆ 12,932 ಹೆಸರುಗಳಿವೆ. ಈ ಒಂದು ಸಂಖ್ಯೆಯನ್ನು ಆನೆಗೋ ಟ್ಯಾಂಕರಿಗೋ ಹೋಲಿಸಲು ನನಗೆ ಮನಸ್ಸಿಲ್ಲ.

ಕೊನೆಯ ಲೆಕ್ಕ ವಯಸ್ಸಿನದು. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಎಂದು ಅಳತೆ ಇಟ್ಟುಕೊಳ್ಳಿ. ನಿಮ್ಮ ಮನೆ ಬೆಂಗಳೂರಿನಲ್ಲಿದೆ, ಬಾಗಿಲಲ್ಲಿ ನಿಂತಿದ್ದೀರಿ. ಸ್ವಾತಂತ್ರ್ಯ ಬಂದದ್ದು ಒಂದು ಅಂಗೈ ಅಗಲದಷ್ಟು ದೂರದಲ್ಲಿ. ಕೈ ಚಾಚಿದರೆ ವಿಜಯನಗರದ ಸ್ಥಾಪನೆ. ಧೋಲಾವೀರಾ ಗೇಟಿನ ಬಳಿ, ಐದು ಮೀಟರ್. ಬನ್ನಿ ಹುಲ್ಲುಗಾವಲಿನ ಲೂನಾ ಎಂಬಲ್ಲಿ ಉಲ್ಕೆ ಬಿದ್ದು 1.8 ಕಿಲೋಮೀಟರ್ ಅಗಲದ ಹಳ್ಳ ಮಾಡಿದ್ದು ಸುಮಾರು 6,900 ವರ್ಷದ ಹಿಂದೆ. ರಸ್ತೆಗೆ ಇಳಿದರೆ ಅಲ್ಲೇ, ಏಳು ಮೀಟರ್. ಈಗ ಗಾಡಿ ತೆಗೆಯಿರಿ. ಕೆಂಗೇರಿ ದಾಟಿ, ಬಿಡದಿ ದಾಟಿ, ರಾಮನಗರದ ಬಂಡೆಗಳು ಕಾಣತೊಡಗುವವರೆಗೆ 47 ಕಿಲೋಮೀಟರ್ ಹೋಗಿ. ಅಲ್ಲಿದೆ ವಾಸುಕಿ.

ವಾಸುಕಿ ಇಂಡಿಕಸ್, 4.7 ಕೋಟಿ ವರ್ಷದ ಹಿಂದಿನ ಹಾವು. ಲಖಪತ್ ತಾಲ್ಲೂಕಿನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ್ದು ಬೆನ್ನೆಲುಬಿನ 27 ಮಣಿಗಳು. ಅವುಗಳಿಂದ ಅಂದಾಜಿಸಿದ ಉದ್ದ 11ರಿಂದ 15 ಮೀಟರ್. ಬಿಎಂಟಿಸಿ ಬಸ್ಸು 12. ಸಿಕ್ಕಿದ್ದು 2005ರಲ್ಲಿ. ಗಾತ್ರ ನೋಡಿ ಮೊಸಳೆಯದೇ ಇರಬೇಕೆಂದು ಐಐಟಿ ರೂರ್ಕಿಯ ವಿಜ್ಞಾನಿಗಳು ಪಕ್ಕಕ್ಕೆ ಎತ್ತಿಟ್ಟಿದ್ದರು. ಮತ್ತೆ ಹೊರತೆಗೆದು ನೋಡಿ ಹಾವೆಂದು ಗೊತ್ತಾಗುವಷ್ಟರಲ್ಲಿ ಹದಿನೆಂಟು ವರ್ಷ ಕಳೆದಿತ್ತು. ನಮ್ಮ ಅಳತೆಯಲ್ಲಿ ರಾಮನಗರದಿಂದ ಹೊರಟು 47 ಕಿಲೋಮೀಟರ್ ಬಂದ ವಾಸುಕಿ ಇನ್ನೇನು ಬಾಗಿಲು ಎನ್ನುವಾಗ 18 ಮಿಲಿಮೀಟರ್, ಹೆಬ್ಬೆರಳಿನ ಉಗುರಿನಷ್ಟು ದೂರ, ಮೊಸಳೆ ಎನ್ನಿಸಿಕೊಂಡು ಕಾಯುತ್ತಿತ್ತು.